"ಎಲ್ಲೆ" ಎಂದರೆ "ಯಲ್ಲಾ" ಅಲ್ಲ, ಮಹಾಶಯರೇ

ಸೀಬ್, ಮಸ್ಕತ್
೧೯೯೪ರ ಚಳಿಗಾಲ

ಶ್ರೀಮಾನ್ ಡ್ಯೂಕ್ ಮಹಾಶಯರ ಸನ್ನಿಧಾನಕ್ಕೆ
(ವಿಳಾಸ: ಮುಂದಿನ ಸೀಟು, ನನ್ನದೇ ಕ್ಯಾಂಪರ್ ವ್ಯಾನು)

ಮಾನ್ಯರೇ,

ತಮ್ಮ ಬಾಲಕ್ಕೆ ಮೊದಲು, ಮುಖಕ್ಕೆ ಆಮೇಲೆ, ಈ ಬೋಜನ ಸಾಷ್ಟಾಂಗ ನಮಸ್ಕಾರಗಳು. ನಾಯಿಗೆ ಬಹಿರಂಗ ಪತ್ರ ಬರೆಯುವವನ ತಲೆ ಸರಿ ಇಲ್ಲವೆಂದು ರೂವಿಯ ನನ್ನ ಆಫೀಸಿನವರು ಆಡಿಕೊಂಡಾರು. ಆದರೆ ಊರಿನಿಂದ ವಾರ ತಡವಾಗಿ ಬರುವ ಕನ್ನಡ ಪತ್ರಿಕೆಯಲ್ಲಿ ನಾನಿನ್ನೂ ಓದದ ಪುಟವನ್ನೇ ಹುಡುಕಿ ಅದರ ಮೇಲೆ ಮಲಗುವ ತಮ್ಮ ಸಾಹಿತ್ಯಾಭಿರುಚಿಯನ್ನು ಬಲ್ಲ ನಾನು, ತಾವು ಇದನ್ನೂ ಓದುವಿರಿ, ಕೊನೆಪಕ್ಷ ಮೂಸಿಯಾದರೂ ನೋಡುವಿರಿ ಎಂಬ ಭರವಸೆಯಿಂದ ಬರೆಯುತ್ತಿದ್ದೇನೆ.

ನಮ್ಮ ಕಂಪನಿಯ ಇಂಗ್ಲಿಷ್ ಇಂಜಿನಿಯರ್ ಸಾಹೇಬರು ಕೆಲಸ ಮುಗಿಸಿ ತಮ್ಮ ದೇಶಕ್ಕೆ ಹೊರಟಾಗ, ಒಲೆ, ಹಾಸಿಗೆ, ನೀರಿನ ಟ್ಯಾಂಕು ಎಲ್ಲವೂ ಒಳಗೇ ಇರುವ ಈ ವ್ಯಾನು ಬೇಕಿದ್ದರೆ ತಮ್ಮನ್ನೂ ಸಾಕಬೇಕೆಂದು ಷರತ್ತು ಹಾಕಿದರು. ಗಾಡಿಯ ಜೊತೆ ಸ್ಟೆಪ್ನಿ ಬಂದ ಹಾಗೆ ನಾಯಿಯೂ ಬರಲಿ ಎಂದುಕೊಂಡ ನನಗೆ, ನಿಜವಾಗಿ ನಾಯಿಯ ಜೊತೆ ವ್ಯಾನು ಬಂದದ್ದೆಂದು ತಿಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ. ಸಾಹೇಬರು ತಮಗೆ ಕಲಿಸಿದ್ದ ಅರಬ್ಬಿ ಪದ ಒಂದೇ, "ಯಲ್ಲಾ", ಅಂದರೆ ಹೊರಡು. ಅದು ಕಿವಿಗೆ ಬಿದ್ದದ್ದೇ ತಡ, ತಾವು ಮುಂದಿನ ಸೀಟಿಗೆ ಹಾರುತ್ತಿದ್ದಿರಿ.

ನನ್ನ ಗ್ರಹಚಾರಕ್ಕೆ ನಾನು ತುಳುವ. ತುಳುವಿನಲ್ಲಿ ನಾಳೆಗೆ "ಎಲ್ಲೆ" ಎನ್ನುತ್ತಾರೆ, ಮತ್ತು ನನ್ನ ಬಾಯಲ್ಲಿ ಅದನ್ನು ಬಿಟ್ಟು ಬೇರೆ ಪದ ಬರುವುದು ಅಪರೂಪ. ನಲ್ಲಿ ಸೋರುತ್ತಿದೆಯೇ? ಎಲ್ಲೆ ತೂಕ, ನಾಳೆ ನೋಡುವ. ಡ್ರೈವಿಂಗ್ ಟೆಸ್ಟಿಗೆ ಹೋಗಬೇಕೇ? ಎಲ್ಲೆ ತೂಕ. ಇಂಥ ಶಾಂತಿಪ್ರಿಯ ಗೃಹಸ್ಥನ ಮನೆಯಲ್ಲಿ ತಾವು ಪ್ರತಿಯೊಂದು "ಎಲ್ಲೆ"ಯನ್ನೂ "ಯಲ್ಲಾ" ಎಂದೇ ಕೇಳಿಸಿಕೊಂಡು, ವ್ಯಾನಿನ ಬಾಗಿಲು ಕೆರೆದು, ಬೊಗಳಿ ಅಕ್ಕಪಕ್ಕದವರನ್ನೆಲ್ಲ ಕಿಟಕಿಗೆ ಕರೆಸಿದರೆ ನನ್ನ ಮರ್ಯಾದೆಯ ಗತಿ ಏನು? ನಮ್ಮಿಬ್ಬರಲ್ಲಿ ಲೈಸೆನ್ಸ್ ಇರುವ ನನ್ನ ಪತ್ನಿ ಸ್ವರ್ಣಲತಾ "ಪಾಪ, ಆಸೆ ಪಡ್ತದೆ, ಒಂದು ರೌಂಡ್ ಹೋಗಿ ಬರುವ ಮಾರಾಯ್ರೆ" ಎಂದು ಕೀ ಎತ್ತಿಕೊಳ್ಳುವಳು. ಹೀಗೆ ನಾಳೆ ನಾಳೆ ಎನ್ನುತ್ತಲೇ ನಾನು ನಿಜ್ವಾದ ಕೋಟೆ ನೋಡಿದೆ, ಸೂರ್ ಪಟ್ಟಣದ ಕಡಲು ನೋಡಿದೆ, ವಾಹಿಬಾದ ಮರಳಿನಲ್ಲಿ ಚಕ್ರ ಹೂತು ಯಾರದೋ ಪಿಕಪ್ಪಿನಿಂದ ಎಳೆಸಿಕೊಂಡೆ. ಮುಂದಿನ ಸೀಟು ತಮ್ಮದಾದ್ದರಿಂದ ಎಲ್ಲವನ್ನೂ ಹಿಂದಿನ ಕಿಟಕಿಯಲ್ಲಿ, ಗ್ಯಾಸ್ ಸಿಲಿಂಡರನ್ನು ತಬ್ಬಿಕೊಂಡು, ಅದು ದಾಟಿಹೋದ ಮೇಲೆಯೇ ನೋಡಿದ್ದು.

ಈಗ ತಮಗೆ ವಯಸ್ಸಾಗಿದೆ. ಮೀಸೆ ನೆರೆತಿದೆ, ಕಾಲು ನಡುಗುತ್ತದೆ, ದಾರಿಯಲ್ಲಿ ಸಿಕ್ಕಿದ ಪ್ರತಿ ಗಿಡಕ್ಕೂ ವ್ಯಾನು ನಿಲ್ಲಿಸಬೇಕು. ತಮ್ಮ ಹೊಟ್ಟೆಯ ವಾಯುವಿನ ಬಗ್ಗೆ ನಾನು ಹೇಳುವುದು ಸಭ್ಯತೆಯಲ್ಲ. ಅಲ್ ಮಬೇಲಾದ ಗ್ಯಾರೇಜಿನ ಇಸುಬು ಹೇಳಿದ್ದಷ್ಟನ್ನು ತಿಳಿಸುತ್ತೇನೆ: "ಬೋಜಣ್ಣ, ನಿಮ್ಮ ಸೈಲೆನ್ಸರ್ ಸರಿ ಉಂಟು. ಹೊಗೆ ಬರುದು ಮುಂದಿನ ಸೀಟಿಂದ."

ಇನ್ನು ಮುಖ್ಯ ದೂರು. ಕಳೆದ ಗುರುವಾರ, ರಜೆಯ ಬೆಳಿಗ್ಗೆ, ಸ್ವರ್ಣಲತಾ "ಸೂರಿಗೆ ಹೋಗುವನಾ? ಸಮುದ್ರ ಅಂದ್ರೆ ಅದಕ್ಕೆ ಪ್ರಾಣ. ಇನ್ನು ಎಷ್ಟು ಸಲವೋ" ಎಂದಳು. ನಾನು ರೂಢಿಯಂತೆ "ಎಲ್ಲೆ ತೂಕ" ಎಂದು ಹೇಳಿ, ತಮ್ಮ ಉಗುರಿನ ಸದ್ದಿಗಾಗಿ ಕಾದೆ. ತಾವು ಏಳಲಿಲ್ಲ. ಸ್ವಲ್ಪ ಜೋರಾಗಿ ಹೇಳಿದೆ. ಏಳಲಿಲ್ಲ. ಪೂರಾ ಕಿವುಡಾಯಿತು ಎಂದು ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮಾನ್ಯರೇ, ನನಗೆ ಹೆದರಿಕೆಯಾಯಿತು. ಈ ಮನೆಯಲ್ಲಿ ನನ್ನ ನಾಳೆಗಳನ್ನು ಇವತ್ತು ಮಾಡುತ್ತಿದ್ದವರು ತಾವೊಬ್ಬರೇ. ತಾವೇ ಏಳದಿದ್ದರೆ ನಾನು ನಾಳೆ ಎಂದದ್ದೆಲ್ಲ ನಾಳೆಯೇ ಆಗಿ ಉಳಿಯುತ್ತದಲ್ಲ! ಆದ್ದರಿಂದ ಅಕ್ಕಿ ಮೂಟೆ ಎತ್ತಿದ ಹಾಗೆ ತಮ್ಮನ್ನು ಎರಡೂ ಕೈಯಲ್ಲಿ ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿ, ಜೀವಮಾನದಲ್ಲಿ ಮೊದಲ ಬಾರಿಗೆ ನಾನೇ ಬಾಯಿಬಿಟ್ಟು "ಯಲ್ಲಾ" ಎಂದೆ. ಸೊಂಟ ಹಿಡಿದುಕೊಂಡಿತು. ಸೂರಿನಲ್ಲಿ ತಾವು ಮೊಣಕಾಲುದ್ದ ನೀರಿನಲ್ಲಿ ಮಹಾರಾಜರಂತೆ ನಿಂತು, ಆಮೇಲೆ ನನ್ನ ಒಣಗಿದ ಒಂದೇ ಒಂದು ಲುಂಗಿಯ ಮೇಲೆ ಮೈ ಕೊಡವಿದಿರಿ.

ಆದುದರಿಂದ ನನ್ನ ವಿನಮ್ರ ಬೇಡಿಕೆ ಇಷ್ಟೇ: ಮುಂದಿನ ಸೀಟನ್ನು ವಾರಕ್ಕೊಮ್ಮೆಯಾದರೂ ನನಗೆ ದಯಪಾಲಿಸಬೇಕು, ಮತ್ತು ಈ ಮುದಿಯಾಗುವ ಕೆಲಸವನ್ನು ತಕ್ಷಣ ನಿಲ್ಲಿಸಬೇಕು. ಪೂರ್ತಿ ನಿಲ್ಲಿಸಲು ಆಗದಿದ್ದರೆ ನನ್ನಿಂದ ಕಲಿತು ಎಲ್ಲೆಗೆ ಹಾಕಬೇಕು. ಎಲ್ಲೆಯೂ ಅದನ್ನೇ ಮಾಡಬೇಕು. ಈ ವಿದ್ಯೆಯಲ್ಲಿ ತಮಗೆ ನನಗಿಂತ ಒಳ್ಳೆಯ ಗುರು ಸಿಗಲಾರ.

ಸೊಂಟಕ್ಕೆ ಎಣ್ಣೆ ಹಚ್ಚಿಕೊಂಡು ಕುಳಿತ,
ತಮ್ಮ ವಿಶ್ವಾಸಿ,
ಬೋಜ ಸಾಲ್ಯಾನ್
(ಹಿಂದಿನ ಸೀಟು)

ಮರೆತ ಮಾತು: ಈಗಷ್ಟೇ ಸ್ವರ್ಣಲತಾ ಅಡುಗೆಮನೆಯಿಂದ ನಲ್ಲಿ ರಿಪೇರಿ ಯಾವಾಗ ಎಂದು ಕೇಳಿದಳು. ನಾನು ಬಹಳ ಮೆಲ್ಲಗೆ "ಎಲ್ಲೆ" ಎಂದೆ. ಮೇಜಿನ ಕೆಳಗೆ ಕಿವುಡರಾದ ತಮ್ಮ ಬಾಲ ಪಟಪಟನೆ ನೆಲಕ್ಕೆ ಬಡಿಯಿತು. ಓಹೋ! ಹಾಗಾದರೆ ಗುರುವಾರವೂ ಕೇಳಿಸಿತ್ತು. ಇವನು ಎತ್ತುತ್ತಾನೋ ಇಲ್ಲವೋ ನೋಡುವ ಎಂದು ಕಣ್ಣು ಮುಚ್ಚಿ ಬಿದ್ದುಕೊಂಡಿದ್ದಿರಿ. ಈ ವಿಷಯದಲ್ಲಿ ತಮ್ಮನ್ನು ಸರಿಯಾಗಿ ವಿಚಾರಿಸಿಕೊಳ್ಳದೆ ಬಿಡುವವನಲ್ಲ ನಾನು, ಇವತ್ತಲ್ಲ, ಎಲ್ಲೆ. ಅಯ್ಯೋ, ಬರೆಯುತ್ತಾ ಅದನ್ನು ಬಾಯಿಬಿಟ್ಟು ಓದಿಬಿಟ್ಟೆನಲ್ಲ! ತಾವಾಗಲೇ ವ್ಯಾನಿನ ಬಾಗಿಲು ಕೆರೆಯುತ್ತಿದ್ದೀರಿ.