ಮೂರು ತಲೆಮಾರಿನ ಗುದ್ದು

ನಮ್ಮ ವಂಶದಲ್ಲಿ ಯಾರಿಗೂ ಕೈಕಾಲು ಸುಮ್ಮನಿರುವುದಿಲ್ಲ. ಹೊಳೆನರಸೀಪುರದ ಒಂದೇ ಸೂರಿನಡಿ ತಾತ, ಅಪ್ಪ, ನಾನು. ಒಬ್ಬೊಬ್ಬರದು ಒಂದೊಂದು ಬಗೆಯ ಹೊಡೆದಾಟ. ಇನ್ನು ಮನೆಗೆ ನೆಮ್ಮದಿ ಎಲ್ಲಿಂದ ಬರಬೇಕು?

ರಕ್ತ ಕಂಡರೆ ಮುಗೀತು

ತಾತ ಹರೆಯದಲ್ಲಿ ಮೈಸೂರಿಗೆ ಹೋಗಿ ಮುಷ್ಟಿಕಾಳಗ ಆಡಿದವನು. ತಲೆ ನುಣ್ಣಗೆ ಬೋಳಿಸಿಕೊಂಡು, ಬೆರಳಿಗೆ ಕೊಂಬಿನ ಮುಷ್ಟಿ ತೊಟ್ಟು, ಎದುರಾಳಿಯ ನೆತ್ತಿಗೆ ಗುದ್ದುವುದು. ಯಾರ ತಲೆಯಲ್ಲಿ ಮೊದಲು ರಕ್ತ ಕಾಣುತ್ತೋ ಅವನು ಸೋತ ಹಾಗೆ. ಕಾಳಗ ಬಿಟ್ಟು ಎಷ್ಟೋ ಕಾಲವಾದರೂ ವಾರವಾರ ತಲೆ ಬೋಳಿಸಿಕೊಳ್ಳುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಒಂದು ದಿನ ಜಗಲಿಯ ಮೇಲೆ ಕ್ಷೌರ ನಡೆದಿತ್ತು. ತಾತ ಹಳೇ ಕಾಳಗವನ್ನು ವರ್ಣಿಸುತ್ತಾ ಗಾಳಿಗೆ ಗುದ್ದುತ್ತಿದ್ದ. ಕತ್ತಿ ತಾಗಿ ನೆತ್ತಿಯಲ್ಲಿ ಒಂದು ಹನಿ ರಕ್ತ ಬಂತು. ಕ್ಷೌರದವನು ಕತ್ತಿ ಕೆಳಗಿಟ್ಟ.

"ತಪ್ಪಾಯ್ತು ಯಜಮಾನ್ರೇ!"

ತಾತ ಎದ್ದುನಿಂತು ಕೈಮುಗಿದ. "ತಪ್ಪೇನ್ಲಾ? ಗೆದ್ದೆ ಕಣ್ಲಾ ನೀನು!"

ಗೂಟದಲ್ಲಿದ್ದ ತನ್ನ ಜರಿಪೇಟ ತಂದು ಅವನ ತಲೆಗಿಟ್ಟೇಬಿಟ್ಟ. ಅದನ್ನು ವಾಪಸು ಇಸಕೊಳ್ಳಲು ಅಜ್ಜಿ ಒಂದು ಮೊರ ಅವರೆಕಾಳು ಕೊಡಬೇಕಾಯಿತು.

ಕಾಲಿಗೆ ಇರುವೆ

ಅಪ್ಪನದು ಕುಸ್ತಿ. ಮನೆಗೆ ಅಂಟಿಕೊಂಡಿದ್ದ ಗರಡಿಗೆ ಅವನೇ ವಸ್ತಾದ. ಅವನ ಲೆಕ್ಕದಲ್ಲಿ ಗಂಡಸು ಅಂದರೆ ನೆಲಕ್ಕೆ ಕಚ್ಚಿಕೊಂಡು ನಿಲ್ಲುವವನು. ಯುದ್ಧ ಮುಗಿದು ನಾನು ಮಿಲಿಟರಿಯಿಂದ ಬಂದಾಗ ಟ್ರಂಕಿನಲ್ಲಿ ಒಂದು ಜೊತೆ ಬಾಕ್ಸಿಂಗ್ ಗ್ಲೌಸ್ ಇತ್ತು. ಅಪ್ಪ ಅದನ್ನು ಒತ್ತಿ ನೋಡಿದ.

"ಇದೇನ್ಲಾ, ಬಾಣಂತಿ ದಿಂಬಾ?"

ನಾನು ಗರಡಿಯ ಕೆಮ್ಮಣ್ಣಿನಲ್ಲಿ ಹಿಂದೆ ಮುಂದೆ ಕುಣಿಯುತ್ತಾ ಗುದ್ದಿ ತೋರಿಸಿದೆ.

"ಮೊದ್ಲು ನಿಂತ್ಕಳ್ಳೋ! ಕಾಲಿಗೆ ಇರುವೆ ಅತ್ಕಂಡವಾ?"

ಬಾಗಿಲಲ್ಲಿ ಇಣುಕಿದ ಅವ್ವ ಅಪ್ಪನನ್ನೇ ಗದರಿದಳು. "ಒಂದಕ್ಕೆ ಬಂದಿದ್ರೆ ಓಗ್ಬರ್ಲಿ ಬಿಡಿ, ಪಾಪ, ಯಾಕೆ ತಡೀತೀರಾ!"

ಗೆದ್ದವರು ಯಾರು?

ನನಗೆ ಮೈಯೆಲ್ಲ ಉರಿಯಿತು. ಪಲ್ಟನ್ನಿನಲ್ಲಿ ಚಪ್ಪಾಳೆ ಗಿಟ್ಟಿಸಿದ ಆಟ ಇಲ್ಲಿ ನಗೆಪಾಟಲು! ಗರಡಿಯಲ್ಲಿ ಬಾಕ್ಸಿಂಗ್ ಕಲಿಸೇ ತೀರುತ್ತೇನೆ ಎಂದು ಹಟ ಹಿಡಿದೆ.

"ಅರಕಲಗೂಡಿನ ಪೈಲ್ವಾನನ ಮೇಲೆ ಗೆಲ್ಲು, ಕಲಿಸು," ಎಂದ ಅಪ್ಪ. "ಸೋತ್ರೆ ಈ ದಿಂಬು ಹೇಮಾವತಿ ಹೊಳೆ ಪಾಲು."

ಪೈಲ್ವಾನ ಹೊಗೆಸೊಪ್ಪಿನ ಮೂಟೆ ಎತ್ತಿ ಎತ್ತಿ ಬೆಳೆದವನು. ಪಂದ್ಯದ ದಿನ ಗರಡಿ ತುಂಬ ಜನ. ತೀರ್ಪು ತಾತನದು. ಬೆಳಿಗ್ಗೆಯಷ್ಟೇ ಕ್ಷೌರದವನಿಂದ ತಲೆ ಬೋಳಿಸಿಕೊಂಡು, ಗೆದ್ದವನಿಗೆಂದು ಅದೇ ಜರಿಪೇಟವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಪೈಲ್ವಾನ ತೊಡೆ ತಟ್ಟಿ ನಿಂತ. ನಾನು ಸುತ್ತ ಕುಣಿದೆ. ಗುದ್ದಿದರೆ ಅವನು ಬೀಳುವುದಿಲ್ಲ, ಹಿಡಿಯಬಂದರೆ ನಾನು ಸಿಗುವುದಿಲ್ಲ. ಇಬ್ಬರಿಗೂ ನಾಲಗೆ ಹೊರಬಂತು. ತಾತನಿಗೆ ತಡೆಯಲಾಗಲಿಲ್ಲ. "ಅಂಗಲ್ಲ ಕಣ್ಲಾ! ಇಂಗೆ ಗುದ್ದು, ಇಂಗೆ!" ಎಂದು ತನ್ನ ಬೋಳುತಲೆಗೇ ಗುದ್ದಿ ತೋರಿಸಿದ. ಬೆಳಿಗ್ಗೆ ಕತ್ತಿ ತಾಗಿದ್ದ ಗಾಯ ಬಿರಿದು ರಕ್ತ ಹಣೆಗಿಳಿಯಿತು.

ಮುಟ್ಟಿ ನೋಡಿಕೊಂಡವನು ಕೈಯೆತ್ತಿದ. "ನಿಲ್ಸಿ! ರಕ್ತ ಬಂತು. ಕಾಳಗ ಮುಗೀತು."

"ರಕ್ತ ನಿಂದಲ್ವಾ ಅಪ್ಪಯ್ಯ?" ಅಪ್ಪ ರೇಗಿದ. "ಇವ್ರಲ್ಲಿ ಗೆದ್ದೋನು ಯಾರು?"

"ಇವ್ರ್ಯಾರೂ ಅಲ್ಲ. ಈ ಗಾಯ ಮಾಡಿದೋನು ಅಗೋ, ಅಲ್ಲಿ ಅವ್ನೆ!"

ಗುಂಪಿನಲ್ಲಿದ್ದ ಕ್ಷೌರದವನನ್ನು ಎಳೆತಂದು ಪೇಟ ಇಟ್ಟರು. ಜನ ಬಿದ್ದುಬಿದ್ದು ನಕ್ಕರು. ನಾನು ಮಾತ್ರ ಕೈಯ ಗ್ಲೌಸನ್ನು ಎದೆಗೆ ಅವುಚಿಕೊಂಡೆ, ಯಾಕೆಂದರೆ ಗೆದ್ದವನು ನಾನಲ್ಲ, ತಾತನ ತೀರ್ಪನ್ನು ಅಪ್ಪ ಮೀರುವವನಲ್ಲ. ಅಪ್ಪ ಹಣೆ ಚಚ್ಚಿಕೊಂಡು ಕ್ಷೌರದವನನ್ನೇ ಕೇಳಿದ. "ಗೆದ್ದೋನು ನೀನಂತೆ. ನೀನೇ ಹೇಳಪ್ಪ, ಈ ಗ್ಲೌಸು ಹೊಳೆಗೋ, ಗರಡಿಗೋ?"

ಅವನು ಗ್ಲೌಸನ್ನು ಒತ್ತಿ ಒತ್ತಿ ನೋಡಿದ. ಮುಖ ಅರಳಿತು.

"ಗರಡೀಲೇ ಇರ್ಲಿ ಯಜಮಾನ್ರೇ. ವಾರಕ್ಕೊಂದ್ಸಲ ಮಾತ್ರ ನಂಗೆ ಕೊಡಿ, ತಾತನ ಕೈಗೆ ಆಕ್ಬುಟ್ಟು ಕ್ಷೌರ ಮಾಡ್ತೀನಿ. ಅವರ ಕಥೆ ಕೇಳಿ ಕೇಳಿ ನನ್ನ ಹಲ್ಲೆಲ್ಲ ಅಳ್ಳಾಡ್ತವೆ!"