ಗೌರಿಗೆ ಮೇವು

“ಒಂದೇ ನಿಮಿಷ ಅಪ್ಪಾ.”

ಕಾಕ್ಸ್‌ಟೌನಿನ ಸಾಯಬಣ್ಣನ ಮನೆಯಲ್ಲಿ ಆ ಒಂದು ನಿಮಿಷ ಮುಗಿದದ್ದನ್ನು ಕಂಡವರಿಲ್ಲ. ಎಂಟು ವರ್ಷದ ಮಗಳು ತೇಜಶ್ರೀ ಮೊಬೈಲಿನ ಆಟದಲ್ಲಿ ಹೊಲ ಮಾಡಿ, ಗೌರಿ ಅಂತ ಹಸು ಸಾಕಿದ್ದಳು. ತಟ್ಟೆಯ ರೊಟ್ಟಿ ಆರುತ್ತಿತ್ತು, ಮಗಳು ಸೊರಗುತ್ತಿದ್ದಳು, ಗೌರಿ ಮಾತ್ರ ದುಂಡಗಾಗುತ್ತಿದ್ದಳು. ಹುಡುಗಿ ನಿದ್ದೆಯಲ್ಲೂ “ಬಾ ಗೌರಿ” ಅನ್ನತೊಡಗಿದಾಗ ಸಾಯಬಣ್ಣನಿಗೆ ಭಯವಾಯಿತು.

ಭಾನುವಾರ ಬೆಳಿಗ್ಗೆ ಮೊಬೈಲ್ ಕಿತ್ತುಕೊಂಡ. ಮಗಳು ಕಣ್ಣು ತುಂಬಿಕೊಂಡಳು.

“ಗಂಟೆಗೊಂದ್ಸಲ ಮೇವು ಹಾಕ್ದಿದ್ರೆ ಗೌರಿ ಸತ್ತೋಗ್ತಾಳೆ.”

“ನಾ ಹಾಕ್ತೀನವ್ವಾ. ನೀ ಉಂಡು ಹೊರಗ ಆಡ್ಕೋ ಹೋಗು.”

“ಅವಳು ಸತ್ರೆ ಮೊಬೈಲ್ ವಾಪಸ್ ಕೊಡ್ಬೇಕು.”

ಪಾಪದ ಮನುಷ್ಯ, ಆಗಲಿ ಎಂದುಬಿಟ್ಟ.

ಹೆಂಡತಿ ಆಶಾರಾಣಿ ಕೊತ್ತಂಬರಿ ತರಲು ರಸೆಲ್ ಮಾರ್ಕೆಟ್ಟಿಗೆ ಕಳಿಸಿದಳು. ಬಸ್ಸಿನಲ್ಲಿ ಅವನ ಜೇಬು “ಅಂಬಾ” ಎಂದಿತು. ಪಕ್ಕದ ಅಜ್ಜಿ ಬಗ್ಗಿ ಸೀಟಿನ ಕೆಳಗೆ ನೋಡಿದರು.

“ನಮ್ಮ ಗೌರಿರೀ. ಹಸದಾಳ,” ಎಂದ ಸಾಯಬಣ್ಣ. ಅಜ್ಜಿ ಎದ್ದು ಬೇರೆ ಸೀಟಿಗೆ ಹೋದರು.

ಶಿವಾಜಿನಗರದಲ್ಲಿ ಇಳಿದು ಮರದ ನೆರಳಿನ ಕಟ್ಟೆಯ ಮೇಲೆ ಕೂತು ಮೇವು ಹಾಕಿದ. ಗೌರಿ ಕಣ್ಣು ಮುಚ್ಚಿ ಮೆಲುಕಾಡಿದಳು. ಹೇಗೂ ಕೂತಿದ್ದೇನಲ್ಲ ಎಂದು ಜೋಳಕ್ಕೆ ನೀರೂ ಬಿಟ್ಟ. ಪರದೆಯ ಮೇಲೆ ಬೆಳ್ಳಕ್ಕಿಗಳು ಹಾರಿದವು. ಹಸಿ ಮಣ್ಣಿನ ವಾಸನೆ ಬಂದಂತಾಯಿತು, ಬಸ್ಸುಗಳ ಹಾರ್ನು ಯಾವುದೋ ಕೆರೆಯಾಚೆಯಿಂದ ತೇಲಿ ಬಂದಂತೆ ಕೇಳಿಸಿತು. ಎಷ್ಟೋ ವರ್ಷಗಳ ಮೇಲೆ ಅವನ ಎದೆ ಹಗುರಾಗಿತ್ತು.

“ಎಡಗಡೆ ಹೊಲ ಮೊದ್ಲು ಉತ್ಬಿಡಿ ಭಾಯ್, ಹುಲ್ಲು ಬೇಗ ಬರುತ್ತೆ.”

ನೋಡಿದರೆ ಪಕ್ಕದ ಮನೆಯ ನಜೀರ್. “ನಮ್ಮ ಮಗಳು ಅಲಿಯಾದೂ ಇದೇ ಆಟ,” ಎಂದು ನಿಟ್ಟುಸಿರು ಬಿಟ್ಟ.

ಕೊತ್ತಂಬರಿ ಮರೆತು ಸಂಜೆ ಮನೆಗೆ ಬಂದರೆ, ತೇಜಶ್ರೀ ಮೊಣಕಾಲಿಗೆಲ್ಲ ಧೂಳು ಮೆತ್ತಿಕೊಂಡು ಕುಂಟೆಬಿಲ್ಲೆ ಆಡುತ್ತಿದ್ದಳು. ಮಧ್ಯಾಹ್ನ ಎರಡು ರೊಟ್ಟಿ ತಿಂದಳಂತೆ. ಗೌರಿಯ ಸುದ್ದಿಯನ್ನೇ ಕೇಳಲಿಲ್ಲ. ಸಾಯಬಣ್ಣನ ಕಣ್ಣು ಒದ್ದೆಯಾಯಿತು.

ಅಷ್ಟರಲ್ಲಿ ಮೇಲಿನ ಮನೆಯ ವೆಂಕಟಮ್ಮ ಬಂದರು, ಕೈಯಲ್ಲೊಂದು ಮೊಬೈಲು.

“ನಿಮ್ ಹುಡುಗಿ ಸರಿಹೋದ್ಲಂತಲ್ಲ, ನಜೀರ್ ಹೇಳಿದ್ರು. ನಮ್ ಮೊಮ್ಮಗನ ಎಮ್ಮೆಗೂ ನೀವೇ ಮೇವು ಹಾಕ್ಬಿಡಿ ಸಾಯಬಣ್ಣನೋರೇ.”

ಅವರ ಹಿಂದೆ ಅಲಿಯಾಳ ಕುರಿಮಂದೆ ಹಿಡಿದ ನಜೀರ್. ಅವನ ಹಿಂದೆ ಇನ್ನೂ ನಾಲ್ಕು ಮನೆಯವರು. ಬೇಡ ಎನ್ನಲು ಸಾಯಬಣ್ಣ ಬಾಯಿ ತೆರೆದ. ಎಮ್ಮೆ ಪಾಪ, ಬಡಕಲಾಗಿತ್ತು.

ದೀಪ ಹಚ್ಚುವ ಹೊತ್ತಿಗೆ ಅವನ ಸುತ್ತ ಏಳು ಹೊಲಗಳು ಹಸಿರಾಗಿ ಬೆಳಗುತ್ತಿದ್ದವು. ಒಳಗಿನಿಂದ ತೇಜಶ್ರೀ ಕೂಗಿದಳು: “ಅಪ್ಪಾ, ರೊಟ್ಟಿ ಆರ್ತಿದೆ, ಬಾ.”

“ಒಂದೇ ನಿಮಿಷವ್ವಾ,” ಎಂದ ಸಾಯಬಣ್ಣ.