ಕಾಕಾನ ಕಂಟ್ರೋಲ್ ಸಕ್ಕರೆ

ಡಾಕ್ಟರು ಹೇಳಿದ್ದನ್ನು ಅಕ್ಷರಶಃ ಪಾಲಿಸುವ ರೋಗಿ ಇಡೀ ದಾಂಡೇಲಿಯಲ್ಲಿ ಒಬ್ಬರೇ, ಅವರು ನಮ್ಮ ಕಾಕಾ. ನಗಬೇಡಿ! ತೊಂದರೆ ಇರುವುದು ಪಾಲಿಸುವುದರಲ್ಲಲ್ಲ, ಕೇಳಿಸಿಕೊಳ್ಳುವುದರಲ್ಲಿ.

ಕಾಗದದ ಮಿಲ್ಲಿನ ಗದ್ದಲದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಒಂದು ಕಪ್ ಚಹಾಕ್ಕೆ ನಾಲ್ಕು ಚಮಚ ಸಕ್ಕರೆ. ಶುಗರ್ ಬಂದ ಮೇಲೂ ಅಷ್ಟೇ. "ಅದು ಅದರ ಪಾಡಿಗೆ ಇರ್ಲಿ, ನಾ ನನ್ನ ಪಾಡಿಗೆ ಇರ್ತೇನಿ" ಎನ್ನುವವರು.

ಕೊರೊನಾ ಬಂದ ವರ್ಷ ಡಾಕ್ಟರು ಗದರಿಸಿಯೇಬಿಟ್ಟರು. "ಶುಗರ್ ಇದ್ದವರಿಗೆ ಇದು ಬಂದ್ರ ಜೀವಕ್ಕ ಕುತ್ತು. ಇನ್ನ ಮ್ಯಾಲೆ ಸಕ್ರಿ ಕಂಟ್ರೋಲ್‌ನ್ಯಾಗ ಇರ್ಬೇಕ್ರಿ, ತಿಳೀತಿಲ್ಲೋ?"

ತಿಳಿಯಿತು. ಬಹಳ ಚೆನ್ನಾಗಿಯೇ ತಿಳಿಯಿತು! ನಮ್ಮ ಕಡೆ ಕಂಟ್ರೋಲ್ ಎಂದರೆ ರೇಷನ್ ಅಂಗಡಿ. ಕಾಕಾ ಖುಷಿಯಿಂದ ಮನೆಗೆ ಬಂದು ಹೆಂಡತಿಗೆ, ಅಂದರೆ ನಮ್ಮ ಕಾಕುಗೆ, "ಕೈಚೀಲ ಕೊಡು. ಇನ್ನ ಮ್ಯಾಲೆ ಕಂಟ್ರೋಲ್ ಸಕ್ರಿ ಅಷ್ಟ ತಿನ್ನಬೇಕಂತ, ಡಾಕ್ಟರ್ ಹೇಳ್ಯಾರ" ಎಂದು ಅಪ್ಪಣೆ ಮಾಡಿದರು.

ರೇಷನ್ ಅಂಗಡಿಯವನು ತಲೆ ಚಚ್ಚಿಕೊಂಡ. "ಕಾಕಾ, ನಿಮ್ಮ ಕಾರ್ಡಿಗೆ ಸಕ್ರಿ ಬಂದ್ ಆಗಿ ಯಾವ ಕಾಲ ಆತು! ಅಕ್ಕಿ ಒಯ್ತೀರೇನು?"

ಅಂದಿನಿಂದ ಶುರುವಾಯಿತು ನೋಡಿ ಕಾಕುವಿನ ರಾಜ್ಯಭಾರ! "ಡಾಕ್ಟರ್ ಹೇಳಿದ್ದು ಕಂಟ್ರೋಲ್ ಸಕ್ರಿ, ಹೌದಲ್ರಿ? ಹಂಗಾರ ಕಂಟ್ರೋಲ್‌ನ್ಯಾಗ ಬರೂತನಕ ಕಾಯ್ರಿ!"

ಆಡಿದ ಮಾತು ತಪ್ಪಿದರೆ ಕಾಕಾನ ಮೀಸೆಗೆ ಅವಮಾನ. ಸಪ್ಪೆ ಚಹಾ, ಹೊತ್ತಿಗೆ ಸರಿಯಾಗಿ ಗುಳಿಗೆ, ಹಿತ್ತಲಲ್ಲಿ ಗೊಣಗುತ್ತ ನಡಿಗೆ. ನಾನು ಹಳಿಯಾಳದಿಂದ ಪೇಢೆ ಒಯ್ದರೆ, "ಕಂಟ್ರೋಲ್ ಸಕ್ರೀದೇನಲೇ?" ಎಂದು ಕೇಳುವರು. ಅಲ್ಲವೆಂದರೆ ಮುಖ ತಿರುಗಿಸುವರು. ತಿರುಗಿಸುವ ಮೊದಲು ಒಮ್ಮೆ ಮೂಸಿ ನೋಡುತ್ತಿದ್ದರು, ಆ ಮಾತು ಬೇರೆ!

ಎರಡನೇ ಅಲೆಯಲ್ಲಿ ಕೊರೊನಾ ಕಾಕಾನನ್ನೂ ಹಿಡಿಯಿತು. ಆಸ್ಪತ್ರೆ, ಆಕ್ಸಿಜನ್. ನಮ್ಮೆಲ್ಲರ ಜೀವ ಬಾಯಿಗೆ ಬಂದಿತ್ತು. ಒಂಬತ್ತನೇ ದಿನ ಅವರದೇ ಫೋನು. "ಶುಗರ್ ಹಿಡಿತದಾಗ ಇತ್ತು, ಅದಕ್ಕ ಲಗೂನ ಚೇತರಿಸಿಕೊಂಡ್ರಿ ಅಂದ್ರಲೇ ಡಾಕ್ಟರು! ಕೊರೊನಾ ನನ್ನ ಮೈಯಾಗ ಸಕ್ರಿ ಹುಡುಕಿ ಹುಡುಕಿ, ಉಪವಾಸ ಬಿದ್ದು ಓಡಿಹೋತು!"

ಮನೆಗೆ ಬಿಟ್ಟ ದಿನ ಕುಸ್ತಿ ಗೆದ್ದ ಪೈಲ್ವಾನನ ಹಾಗೆ ಆಟೋದಿಂದ ಇಳಿದರು. ಓಣಿಗೆ ಓಣಿಯೇ ಬಾಗಿಲಿಗೆ ಬಂದಿತ್ತು. ಒಬ್ಬೊಬ್ಬರಿಗೂ ವಿಜಯದ ಕಥೆ ಹೇಳುವ ಭರದಲ್ಲಿ ಕಾಕಾ ತಮ್ಮದೆಂದುಕೊಂಡು ಕಾಕುವಿನ ಚಹಾದ ಕಪ್ಪು ಎತ್ತಿಕೊಂಡು ಒಂದು ಗುಟುಕು ಕುಡಿದರು. ಕಪ್ಪನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದು ನಿಂದಲ್ಲೇನು? ಸಕ್ರಿ ಎಲ್ಲೈತಿ? ನಿನಗ ಶುಗರ್ ಇಲ್ಲಲ್ಲ!"

"ನಿಮ್ಮ ಮುಂದ ಕುಂತು ನಾ ಒಬ್ಬಾಕಿ ಸಿಹಿ ಕುಡೀಲೇನ್ರಿ? ನೀವು ಬಿಟ್ಟ ದಿನಾನ ನಾನೂ ಬಿಟ್ಟೇನಿ" ಎಂದರು ಕಾಕು, ನೆಲ ನೋಡುತ್ತ.

ಕಾಕಾ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದರು, ಜೀವನದಲ್ಲಿ ಮೊದಲ ಸಲ! ಬಂದವರಿಗೆಂದು ಇಟ್ಟಿದ್ದ ಸಕ್ಕರೆ ಡಬ್ಬಿ ಹುಡುಕಿ ತಂದು, ಕಾಕುವಿನ ಕಪ್ಪಿಗೆ ಎರಡು ಚಮಚ ಹಾಕಿ ಕಲಕಿದರು.

"ನೀ ಕುಡಿ" ಎಂದರು. "ನನ್ನ ಬಾಯಿ ಸಿಹಿ ಆಗತೈತಿ."